ಮನ್ಯಾಗ ಓದಿಕೊಳ್ರಿ

ಮಾನ್ವಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪಂಪಾಪತಿಗೆ ಒಂದೇ ಒಂದು ಪಾಠವೆಂದರೆ ಮೈಗೆ ಜ್ವರ ಬರುತ್ತಿತ್ತು. ಮಕ್ಕಳು ಬೆಳೆಯುವಾಗ ಮೈಯಲ್ಲಿ, ಮನಸ್ಸಿನಲ್ಲಿ ಏನೇನು ಬದಲಾಗುತ್ತದೆ ಎಂಬ ಪಾಠ ಅದು. ಪ್ರತಿ ವರ್ಷ ಅಲ್ಲಿಗೆ ಬಂದಾಗ ಒಮ್ಮೆ ಕೆಮ್ಮಿ, "ಇದು ಸರಳ ಅದ, ಮನ್ಯಾಗ ಓದಿಕೊಳ್ರಿ" ಎಂದು ಪುಟ ತಿರುವಿಬಿಡುತ್ತಿದ್ದರು. ಪಾಪ, ಕೆಟ್ಟವರಲ್ಲ. ನಾಚಿಕೆ ಸ್ವಭಾವ, ಅಷ್ಟೇ.

ಈ ಸಲ ಹೆಡ್‌ಮೇಡಂ ವಿಜಯಲಕ್ಷ್ಮಿ ಬಿಡಲಿಲ್ಲ. "ಸೋಮವಾರ ಆ ಪಾಠ ಮಾಡ್ರಿ ಸರ. ನಾ ಹಿಂದಿನ ಬೆಂಚಿನ್ಯಾಗ ಕುಂತಿರ್ತೀನಿ" ಎಂದುಬಿಟ್ಟರು. ಮೇಷ್ಟ್ರಿಗೆ ಅನ್ನ ಸೇರದಾಯಿತು. ಗಣಿತದ ಮೇಷ್ಟ್ರು ಬೀರೇಶ ಧೈರ್ಯ ಹೇಳಿದ. "ಯಾಕ ಹೆದರ್ತೀರಿ? ಹರೇದ ಹುಡುಗರದ್ದು ಒಂದು ಸೀರಿಯಲ್ ಅದ, ಕನ್ನಡದಾಗೇ ಬರ್ತದ. ನಗಸ್ತದ, ಅಳಸ್ತದ, ಎಲ್ಲಾ ಬಿಡಿಸಿ ಹೇಳ್ತದ. ಒಂದು ಕಂತು ನೋಡ್ರಿ, ಹೆಂಗ ಮಾತಾಡಬೇಕಂತ ತಿಳೀತದ" ಎಂದು ಅದನ್ನು ಅವರ ಫೋನಿಗೆ ಹಾಕಿಕೊಟ್ಟ.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಹಪ್ಪಳ ಲಟ್ಟಿಸುತ್ತಿದ್ದರು. ಯಜಮಾನಿಕೆ ಮೇಷ್ಟ್ರ ಅತ್ತೆ ಚನ್ನಮಲ್ಲಮ್ಮನದು. ಅವರ ಪಕ್ಕದಲ್ಲಿ ಮಗಳು, ಮೇಷ್ಟ್ರ ಹೆಂಡತಿ ಶಿವಬಸಮ್ಮ. ಮೂಲೆಯಲ್ಲಿ ಶೈಲಶ್ರೀ; ಒಂದು ಕಾಲಕ್ಕೆ ಮೇಷ್ಟ್ರ ಶಿಷ್ಯೆ, ಈಗ ಹೈಸ್ಕೂಲಿಗೆ ಹೋಗುವ ಮಗಳ ತಾಯಿ. ಇದೇ ಸಮಯವೆಂದು ಮೇಷ್ಟ್ರು ಕಳ್ಳಬೆಕ್ಕಿನ ಹಾಗೆ ಮಾಳಿಗೆ ಹತ್ತಿದರು.

ಫೋನು ಒತ್ತಿದರು. ಚಿತ್ರವಿಲ್ಲ, ದನಿಯಿಲ್ಲ. ದನಿ ಏರಿಸಿದರು, ಇನ್ನಷ್ಟು ಏರಿಸಿದರು. ಹಿಂದಿನ ದಿನ ಅತ್ತೆಗೆ ಪ್ರವಚನ ತೋರಿಸಲು ಫೋನನ್ನು ಪಡಸಾಲೆಯ ಟಿವಿಗೆ ಜೋಡಿಸಿದ್ದು ಅವರಿಗೆ ಮರೆತೇ ಹೋಗಿತ್ತು. ಕೆಳಗಿನಿಂದ ಹುಡುಗಿಯೊಬ್ಬಳ ದನಿ ಓಣಿಗೆಲ್ಲ ಕೇಳಿಸಿತು: "ಅಮ್ಮಾ, ನನ್ನ ಮೈಯಲ್ಲಿ ಏನಾಗ್ತಿದೆ ಅಂತ ಯಾರೂ ಯಾಕೆ ಹೇಳೋದಿಲ್ಲ?"

ಮೇಷ್ಟ್ರು ಎದ್ದುಬಿದ್ದು ಇಳಿದರು. ಪಡಸಾಲೆಯ ಬಾಗಿಲಿಗೆ ಆಗಲೇ ಒಳಗಿನಿಂದ ಚಿಲಕ ಬಿದ್ದಿತ್ತು.

"ಬಾಗಿಲ ತಗಿ! ಅದು ನಂದಲ್ಲ! ನಂದೇ ಖರೆ, ಆದ್ರ ಅದು ಪಾಠ!"

"ಸುಮ್ನಿರ್ರಿ ಅತ್ಲಾಗ!" ಎಂದಳು ಶಿವಬಸಮ್ಮ.

ಮೇಷ್ಟ್ರು ಫೋನಿನಲ್ಲೇ ನಿಲ್ಲಿಸಲು ಹೋಗಿ ಎಲ್ಲೋ ಒತ್ತಿದರು. ಮುಂದಿನ ಕಂತು ಶುರುವಾಯಿತು. ಇನ್ನೇನು ಒತ್ತಿದರೆ ಏನಾದೀತೋ ಎಂದು ಫೋನನ್ನು ಕಿಸೆಗೆ ತುರುಕಿ ಕಟ್ಟೆಯ ಮೇಲೆ ಕುಸಿದರು.

ಓಣಿಯಲ್ಲಿ ಹೊರಟಿದ್ದ ಅಕ್ಕಿ ಗಿರಣಿಯ ರಾಮಲಿಂಗಪ್ಪ ಗಾಡಿ ನಿಲ್ಲಿಸಿಯೇಬಿಟ್ಟರು. "ಏನ್ ಸರ, ಹೆಣ್ಮಕ್ಕಳನ್ನ ಕೂಡಿಹಾಕಿ ಏನೋ ತೋರಸಾಕತ್ತೀರಂತ?"

"ಯಪ್ಪಾ, ಚಿಲಕ ಒಳಗಿಂದ ಹಾಕ್ಯಾರ್ರಿ!"

"ಹೌದಾ! ಇದು ಇನ್ನೂ ದೊಡ್ಡ ಸುದ್ದಿ" ಎಂದು ಅವರು ಸಂತೆಯ ಕಡೆ ಗಾಡಿ ಬಿಟ್ಟರು.

ಇಪ್ಪತ್ತು ವರ್ಷ ಕಾಪಾಡಿಕೊಂಡ ಮಾನ ಹೋಯಿತೆಂದು ಮೇಷ್ಟ್ರಿಗೆ ಅಳುವೇ ಬಂತು. ಆ ಗೊಂದಲದಲ್ಲೇ ತಲೆಯಲ್ಲಿ ದೀಪ ಹತ್ತಿತು. ಹೆಂಗಸರು ಸಿಟ್ಟಾಗಿದ್ದರೆ ಒಳ್ಳೆಯದೇ ಅಲ್ಲವೆ? ತಕ್ಷಣ ಹೆಡ್‌ಮೇಡಂಗೆ ಫೋನು ಮಾಡಿದರು. "ಮೇಡಂ, ಅನಾಹುತ ಆಗ್ಯದ. ಆ ಪಾಠದ ವಿಷಯ ತಿಳಿದು ಓಣಿ ತಾಯಂದ್ರು ಕೆಂಡ ಆಗ್ಯಾರ. ನಾಳೆ ಬ್ಯಾಡಂತಾರ."

"ತಾಯಂದ್ರೇ ಬ್ಯಾಡಂದ್ರ ನಾ ಒತ್ತಾಯ ಮಾಡಂಗಿಲ್ಲ. ಅವರ ಬಾಯಿಂದ ಕೇಳ್ತೀನಿ, ಯಾರಿಗಾದ್ರೂ ಕೊಡ್ರಿ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಚನ್ನಮಲ್ಲಮ್ಮನ ಕೈತುಂಬ ಹಿಟ್ಟು, ಕಣ್ಣು ಕೆಂಪು. ಇಷ್ಟು ಸಿಟ್ಟನ್ನು ಮೇಷ್ಟ್ರು ಬೇಡಿಕೊಂಡಿದ್ದರೂ ಸಿಗುತ್ತಿರಲಿಲ್ಲ. ಖುಷಿಯಿಂದ ಫೋನು ಕೊಟ್ಟರು. ಅತ್ತೆ ಅಂಗಳದ ಆಚೆ ಹೋಗಿ ಬಹಳ ಹೊತ್ತು ಮಾತಾಡಿದರು. "ನಮ್ಮ ಕಾಲದಾಗ ಇಂಥವೆಲ್ಲ ಇರಲಿಲ್ಲ ಯವ್ವಾ" ಎಂಬುದೊಂದು ಕೇಳಿಸಿತು. ಮೇಷ್ಟ್ರು ಮನಸ್ಸಿನಲ್ಲೇ ದೇವರಿಗೆ ಕಾಯಿ ಒಡೆದರು.

ಫೋನು ಮರಳಿ ಬಂತು. ಆ ಕಡೆ ಹೆಡ್‌ಮೇಡಂ ಇನ್ನೂ ಇದ್ದರು. "ಸರ, ನಿಮ್ಮ ಅತ್ತಿಯವ್ರು ಅತ್ತುಬಿಟ್ರು. 'ನನಗೂ ಯಾರೂ ಹೇಳಲಿಲ್ಲ, ಮಗಳಿಗೂ ನಾ ಹೇಳಲಿಲ್ಲ, ಮೊಮ್ಮಕ್ಕಳಿಗಾದ್ರೂ ಹೇಳ್ರಿ' ಅಂದ್ರು. ನಾಳೆ ಮಕ್ಕಳಿಗೆ ಪಾಠ. ಇವತ್ತ ತಾಯಂದ್ರಿಗೆ."

"ಇವತ್ತ? ಎಲ್ಲಿ ಮೇಡಂ?"

"ಅವರನ್ನೇ ಕೇಳ್ರಿ."

ಮೇಷ್ಟ್ರು ಪಡಸಾಲೆಗೆ ಕಾಲಿಟ್ಟರು. ಟಿವಿ ಆರಿತ್ತು. ಹಪ್ಪಳದ ಮಣೆಗಳು ಗೋಡೆಗೆ ಒರಗಿದ್ದವು. ಹೆಂಗಸರು ಸಾಲಾಗಿ ಕೂತಿದ್ದರು, ಎಲ್ಲರಿಗಿಂತ ಮುಂದೆ ಅತ್ತೆ. ಶೈಲಶ್ರೀ ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ಎದ್ದುನಿಂತಳು.

"ಸರ, ಅವತ್ತ ನೀವೇ ಹೇಳಿದ್ರಿ, ಮನ್ಯಾಗ ಓದಿಕೊಳ್ರಿ ಅಂತ. ಬಂದೀವ್ರಿ, ನಿಮ್ಮ ಮನಿಗೇ."

ಮೇಷ್ಟ್ರು ಒಮ್ಮೆ ಕೆಮ್ಮಿದರು. ಪುಟ ತಿರುವಲು ಕೈಯಲ್ಲಿ ಪುಸ್ತಕವಿರಲಿಲ್ಲ.