ಆಯಿಯ ಎದುರಿಗೆ ತಾಯಿ

ಹೊಟ್ಟೆಕಿಚ್ಚು ದೊಡ್ಡವರನ್ನು ಕಂಡು ಹುಟ್ಟುತ್ತದೆ ಎನ್ನುವವರು ಎಂದೂ ಎದುರುಬದುರು ಅಂಗಡಿ ಇಟ್ಟವರಲ್ಲ. ಸಕ್ಕರೆ ಕಾರ್ಖಾನೆಯ ಚೇರಮನ್ನರ ಮೋಟಾರು ಮೈಮೇಲೆ ಧೂಳು ಹಾರಿಸಿಕೊಂಡು ಹೋದರೆ ನಾನು ಕೈಮುಗಿಯುತ್ತಿದ್ದೆ. ಎದುರಿನ ಬಾಳಾಸಾಹೇಬನ ಅಂಗಡಿಯ ಮುಂದೆ ಒಂದು ಸೈಕಲ್ಲು ಹೆಚ್ಚಿಗೆ ನಿಂತರೆ ಮಾತ್ರ ಅವತ್ತು ಉಂಡ ರೊಟ್ಟಿ ಅರಗುತ್ತಿರಲಿಲ್ಲ.

ನಿಪ್ಪಾಣಿಯಲ್ಲಿ ನಮ್ಮಿಬ್ಬರದೂ ಖಾರ ಕುಟ್ಟುವ ಗಿರಣಿ. ಬೇಸಿಗೆಯಲ್ಲಿ ಸುತ್ತಲಿನ ಹೆಂಗಸರು ವರ್ಷಕ್ಕಾಗುವ ಮೆಣಸಿನಕಾಯಿ, ಹುರಿದ ಮಸಾಲೆ ತಂದು ಕುಟ್ಟಿಸಿಕೊಂಡು ಹೋಗುತ್ತಿದ್ದರು. ಉಳಿದ ತಿಂಗಳು ನಾವೇ ಮಸಾಲೆ ಖಾರ ಮಾಡಿ ಮಾರುತ್ತಿದ್ದೆವು. ಬಾಳಾಸಾಹೇಬನ ಅಜ್ಜಿ ಅವನ ಅಂಗಡಿಯ ಮೆಟ್ಟಿಲ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂರುತ್ತಿದ್ದಳು. ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತಾರೆ. ಜನ ‘ಆಯಿ ಕಡೆ ಹೋಗಿ ಖಾರ ತಾ’ ಎನ್ನತೊಡಗಿದರು. ಇವನು ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ಪೊಟ್ಟಣಗಳ ಮೇಲೆ ‘ಆಯಿ’ ಎಂದು ಒತ್ತಿಬಿಟ್ಟ. ಅಷ್ಟೇ ಅವನ ಖರ್ಚು.

ಆ ಆಯಿ ಒಮ್ಮೆ ನಮ್ಮ ಮನೆಗೇ ಖಾರ ಬೇಡಿಕೊಂಡು ಬಂದಿದ್ದಳೆಂದು ನನಗೆ ಚೆನ್ನಾಗಿ ನೆನಪಿದೆ. ಮೊದಮೊದಲು ಈ ನೆನಪಿನಲ್ಲಿ ಅವಳ ಕೈಯಲ್ಲಿ ಸಣ್ಣ ಬಟ್ಟಲಿತ್ತು. ಅವನ ವ್ಯಾಪಾರ ಬೆಳೆದಂತೆ ಅದು ಡಬ್ಬಿಯಾಯಿತು. ಈಗ ಬರೆಯುವಾಗ ಕೊಡವೇ ಕಾಣುತ್ತಿದೆ. ಆದ್ದರಿಂದ ನಂಬಬೇಡಿ.

ಟಿವಿಯಲ್ಲಿ ಸಾಬೂನು, ಟೂತ್‌ಪೇಸ್ಟುಗಳು ಹಾಡಿಕೊಂಡು ಕುಣಿಯುತ್ತಿದ್ದ ಕಾಲ. ನಾನು ಹೆಂಡತಿ ಶಾಂತಾಳಿಗೆ, “ನಮ್ಮ ಖಾರಕ್ಕೂ ಒಂದು ಹೆಸರು ಬೇಕು” ಎಂದೆ.

“ನಮಗ ಹೊಸಾ ಮಷಿನ್ ಬೇಕು,” ಎಂದಳು ಅವಳು. “ಒನಕಿ ಸವದ ಹೋಗ್ಯಾವ. ಖಾರ ಅನ್ನೂದು ರವಾ ಆಗಾಕತ್ತೈತಿ. ಹೆಸರೇನು ಬಂದು ಕುಟ್ಟತೈತೇನ್ರಿ?”

ಯಂತ್ರಕ್ಕೆಂದು ಅವಳು ಕೂಡಿಸಿಟ್ಟಿದ್ದನ್ನೆಲ್ಲ ನಾನು ಕೊಲ್ಹಾಪುರಕ್ಕೆ ಒಯ್ದು ಬಣ್ಣದ ಪ್ಲಾಸ್ಟಿಕ್ ಚೀಲ ಅಚ್ಚು ಹಾಕಿಸಿದೆ. ಹೆಸರು ‘ತಾಯಿ’. ಅಜ್ಜಿಗಿಂತ ತಾಯಿ ಹತ್ತಿರದವಳು ಎಂಬುದು ನನ್ನ ತರ್ಕ. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ, ಎರಡೂ ಕಡೆ ನಮ್ಮವ್ವನ ಫೋಟೋ. ಸ್ಟುಡಿಯೋದಲ್ಲಿ ಅವ್ವ ಕೊನೆಯವರೆಗೂ ನಗಲಿಲ್ಲ. “ಖಾರ ಮಾರಾಕ ನನ್ನ ಮಾರಿ ಯಾಕ ಬೇಕೋ ನಿನಗ?” ಎಂದು ಗದರಿಸಿದಳು. ಆ ಗದರಿಕೆಯೇ ಚೀಲದ ಮೇಲೆ ಅಚ್ಚಾಯಿತು.

ಮೊದಲು ಬಂದವನು ಏಕಸಂಬಿಯ ಒಬ್ಬ ಮುದುಕ. ಚೀಲವನ್ನು ಅಕ್ಷರ ಅಕ್ಷರವಾಗಿ ಓದಿ, “ಇದು ತಾಯಿ. ಅಲ್ಲಿದು ಆಯಿ. ತಾಯಿಗೆ ಅಡಗಿ ಕಲಿಸಿದಾಕಿ ಆಯೀನ ಅಲ್ಲೇನ್ರಿ ಸಾವಕಾರ್ರ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ರಸ್ತೆ ದಾಟಿದ.

ಹೋಗಲಿ, ಮರಾಠಿ ಗಿರಾಕಿಗಳಿದ್ದಾರಲ್ಲ ಎಂದುಕೊಂಡೆ. ಬೀಡಿ ಕಟ್ಟುವ ಇಬ್ಬರು ಹೆಂಗಸರು ಬಂದು ಚೀಲದ ಆ ಮಗ್ಗುಲು ಓದಿದರು. ಒಬ್ಬಳು ಅವ್ವನ ಫೋಟೋ ನೋಡಿ, “ಹೀ ತಾಯಿ? ಮಗ ಆಯಿ ಕೇವಢೀ ಮ್ಹಾತಾರೀ ಅಸೇಲ!” ಎಂದಳು. ಇಬ್ಬರೂ ನಕ್ಕರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ, ಆಯಿ ಎಂದರೆ ತಾಯಿ. ಈಕೆಯೇ ಅಕ್ಕನಾದರೆ ಇವಳ ಅವ್ವ ಇನ್ನೆಷ್ಟು ಮುದುಕಿಯಿರಬೇಕು ಎಂಬುದು ಅವರ ನಗು. ದಿನದ ಅರ್ಧ ಮಾತನ್ನು ಮರಾಠಿಯಲ್ಲೇ ಆಡುವ ನನಗೆ ಇದು ಹೊಳೆದಿರಲಿಲ್ಲ! ಹೊಟ್ಟೆಕಿಚ್ಚಿಗೆ ಒಂದೇ ಭಾಷೆ ಬರುತ್ತದೆ. ಬಾಳಾಸಾಹೇಬನ ಆಯಿಯನ್ನು ಕನ್ನಡದಲ್ಲಿ ಓದಿದರೂ ಮರಾಠಿಯಲ್ಲಿ ಓದಿದರೂ ನನ್ನ ತಾಯಿಗಿಂತ ಹಿರಿಯಳೇ.

ಬೇಸಿಗೆ ಬಂತು. ಅವನು ಎರಡನೆಯ ಯಂತ್ರ ತಂದು ಕೂರಿಸಿದ. ನಮ್ಮದು ರವೆ ಕುಟ್ಟುತ್ತಲೇ ಇತ್ತು. ಗಿರಾಕಿಗಳು ಒಬ್ಬೊಬ್ಬರಾಗಿ, ನನ್ನ ಕಣ್ಣು ತಪ್ಪಿಸಿ, ಗಂಟು ಹೊತ್ತು ಆಚೆ ದಾಟಿದರು. ಉಳಿದವರನ್ನಾದರೂ ಹಿಡಿದುಕೊಳ್ಳೋಣವೆಂದು ಶಾಂತಾ ಕುಟ್ಟಿದ ಖಾರವನ್ನು ನಮ್ಮ ಚೀಲಗಳಲ್ಲೇ ತುಂಬಿ ಕೊಡತೊಡಗಿದಳು. ಹಾಗೆ ಅವ್ವ ಊರೂರಿಗೆ ಹೋದಳು.

ಅದೇ ವರ್ಷವೋ ಮರುವರ್ಷವೋ, ಬೋರಗಾಂವದಲ್ಲಿ ಮಗ್ಗದವರ ಮನೆಯೊಂದರಲ್ಲಿ ಹೋಳಿಗೆ ಊಟ. ಕಟ್ಟಿನ ಸಾರು ಬಾಯಿಗೆ ಇಟ್ಟೆ, ನೆತ್ತಿಯವರೆಗೆ ಹೋಯಿತು. ಒಳಗೆ ಗೂಡಿನಲ್ಲಿ ನಮ್ಮ ಚೀಲ ಕಾಣುತ್ತಿತ್ತು, ಅವ್ವ ಅಲ್ಲಿಂದಲೇ ಗದರಿಸುತ್ತಿದ್ದಳು. ನನಗೆ ಎದೆಯುಬ್ಬಿತು. ಪಕ್ಕದ ಪಂಕ್ತಿಗೂ ಕೇಳುವಂತೆ, “ಅಕ್ಕಾರ, ಇನ್ನಷ್ಟು ಸಾರು ಹಾಕ್ರಿ. ಖಾರ ಅಂದ್ರ ಹಿಂಗಿರಬೇಕ ನೋಡ್ರಿ!” ಎಂದೆ. ಮತ್ತೆ ಹಾಕಿಸಿಕೊಂಡೆ. ಮೂರನೆಯ ಸಲವೂ ಹಾಕಿಸಿಕೊಂಡೆ. ಕೊನೆಗೆ ಖಾರ ಯಾರದು ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ಖಾರ ಆಯೀದು,” ಎಂದಳು ಬಡಿಸುತ್ತಿದ್ದ ಮನೆಯಾಕೆ. “ಅವರ ಕಾಗದದ ಪುಡಿಕಿ ಹರದ ಹೋಗ್ತಾವ್ರಿ. ನಿಮ್ಮ ಚೀಲ ಭಾಳ ಗಟ್ಟಿ. ಅದಕ್ಕ ಆಯೀನ್ನ ತಾಯಿ ಒಳಗ ಹಾಕಿಟ್ಟೀನಿ.”

ಪಂಕ್ತಿ ಪೂರ್ತಿ ನಕ್ಕಿತು. ಮನೆಗೆ ಬಂದು ಶಾಂತಾಳಿಗೆ ಸಾರು ಸಪ್ಪಗಿತ್ತು ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ಮತ್ತ ಮೂಗು ಯಾಕ ಸೋರಾಕತ್ತೈತಿ?” ಎಂದಳು. ನೆಗಡಿ ಎಂದೆ. ಕಷಾಯ ಮಾಡಿ ತಂದಳು. ಕುಡಿದೆ.