ಆನಿ ಹುಡುಗನ ಉದ್ಯೋಗ

ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಹೆಣ್ಣಿನ ಕಡೆಯವರು ಕೇಳಿದಾಗ ಡಾಕ್ಟರು, ಮಾಸ್ತರು, ಕಿರಾಣಿ ಅಂಗಡಿ, ಕೊನೆಗೆ ‘ಏನೂ ಇಲ್ಲ, ಅಪ್ಪನ ಹೊಲ ಇದೆ’ ಎಂದಾದರೂ ಉತ್ತರ ಬರಬೇಕು. ಐಶ್ವರ್ಯಳಿಗೆ ಬಂದ ಉತ್ತರ, “ಆನಿ.”

ಉತ್ತರ ಕೊಟ್ಟವರು ಖುದ್ದು ಅವಳ ಮಾವ, ಗಂಗಾವತಿಯ ಗೊಬ್ಬರದಂಗಡಿ ವಿರೂಪಾಕ್ಷಪ್ಪನವರು. ಸೊಸೆಯ ತಂಗಿ ಅನ್ನಪೂರ್ಣಳಿಗೆ ಕುಷ್ಟಗಿಯ ಗವಿಸಿದ್ದೇಶ ಎಂಬ ಹುಡುಗನನ್ನು ಸೂಚಿಸಿದವರೂ ಅವರೇ.

“ಆನಿ ಅಂದ್ರ ದೇವರಾಯನ ಆನಿ ನಾಣ್ಯವಾ. ತಾಮ್ರದ್ದು. ಅಂವನ ಹತ್ರ ಇರೋವಷ್ಟು ಆನಿ ಈ ಜಿಲ್ಲಾದಾಗ ಯಾರ ಹತ್ರನೂ ಇಲ್ಲ. ಇಂಥಾ ವರ ಹುಡುಕಿದ್ರೂ ಸಿಗಂಗಿಲ್ಲ!”

“ಅದು ಹವ್ಯಾಸ ಮಾವ. ಹೊಟ್ಟೆಪಾಡಿಗೆ ಏನು ಮಾಡ್ತಾನೆ?”

“ಹೊಟ್ಟಿಗಾ?” ವಿರೂಪಾಕ್ಷಪ್ಪನವರು ಈ ಪ್ರಶ್ನೆಯನ್ನು ಜನ್ಮದಲ್ಲಿ ಮೊದಲ ಸಲ ಕೇಳಿದವರಂತೆ ಕನ್ನಡಕ ತೆಗೆದರು. “ಏನರ ಮಾಡ್ತಿರಬೇಕಲ್ಲ. ಹೊಟ್ಟಿ ಏನೂ ಒಳಗ ಹೋಗಿಲ್ಲ ಅಂವಂದು.”

“ಎಷ್ಟೋ ವರ್ಷದಿಂದ ಪರಿಚಯ ಅಂದ್ರಿ!”

“ಪರಿಚಯ ಐತಿ, ಅದಕ್ಕ ಕೇಳಿಲ್ಲ. ಪರಿಚಯ ಇರಲಾರದವ್ರು ಆಗಿದ್ರ ಮೊದಲ ದಿನಾನ ಕೇಳ್ತಿದ್ದೆ.”

“ಹಾಗಾದ್ರೆ ಈಗ ಫೋನ್ ಮಾಡಿ ಕೇಳಿ.”

“ಈಗಾ? ಅವರಪ್ಪ ತೀರ್ಕೊಂಡಾಗ ಹೆಗಲು ಕೊಟ್ಟು ಬಂದೀನಿ. ಈಗ ‘ತಮ್ಮಾ, ನೀ ಏನ್ ಕೆಲಸ ಮಾಡ್ತಿ’ ಅಂತ ಯಾವ ಬಾಯಿಲೆ ಕೇಳ್ಲಿ? ಗೆಳೆತನ ಉಳೀತೈತೇನು?”

ಅಡುಗೆಮನೆಯಿಂದ ಅತ್ತೆ ಪಂಪಮ್ಮನವರ ದನಿ ಬಂತು. “ಅವ್ರನ್ನ ಏನ್ ಕೇಳ್ತಿ ಬಿಡವಾ. ನನ್ನ ತವರೂರು ಸಿಂಧನೂರೋ ಸಿರುಗುಪ್ಪನೋ ಅಂತ ಇನ್ನಾ ಗೊತ್ತಿಲ್ಲ ಅವ್ರಿಗೆ. ನಿಜಾಮನ ರೂಪಾಯಿ ಯಾವ ಇಸ್ವಿದು ಕೇಳು, ನಿದ್ದಿಗಣ್ಣಾಗ ಹೇಳ್ತಾರ.”

ಐಶ್ವರ್ಯಳ ಸಂಕಟ ಸಣ್ಣದಲ್ಲ. ಮೂಲ ಕೊಪ್ಪಳದ ಕಡೆಯವರೇ ಆದರೂ ಅಪ್ಪನ ನೌಕರಿಯಿಂದಾಗಿ ಮೈಸೂರಿನಲ್ಲಿ ಓದಿ ಬೆಳೆದವಳು ಅವಳು. ಅಪ್ಪ ಅಲ್ಲಿಂದಲೇ ತಾಕೀತು ಮಾಡಿದ್ದರು: ಭಾನುವಾರ ರಾತ್ರಿಯೊಳಗೆ ಹುಡುಗನ ಉದ್ಯೋಗ ತಿಳಿಸದಿದ್ದರೆ ಸೋಮವಾರ ದಾವಣಗೆರೆಯ ಸಂಬಂಧಕ್ಕೆ ಹೂಂ ಅನ್ನುತ್ತೇನೆ. ಅನ್ನಪೂರ್ಣ ಇತ್ತ ಗುಟ್ಟಾಗಿ ಫೋನ್ ಮಾಡಿ, “ಅಕ್ಕಾ, ದಾವಣಗೆರೆಯವನು ಫೋಟೋದಲ್ಲೇ ಆಕಳಿಸ್ತಿದ್ದಾನೆ. ಕುಷ್ಟಗಿಯವನ ಕಣ್ಣು ನೋಡು. ಏನಾದ್ರೂ ಮಾಡೇ” ಎಂದು ಅತ್ತಿದ್ದಳು. ತಂಗಿಯ ಬಾಳು ಆನೆಯ ಕಾಲಡಿ ಸಿಕ್ಕಿತ್ತು.

ಆ ಭಾನುವಾರ ಕೊಪ್ಪಳದ ಕಲ್ಯಾಣ ಮಂಟಪವೊಂದರ ಊಟದ ಹಾಲ್‌ನಲ್ಲಿ ನಾಣ್ಯ ಸಂಗ್ರಹಕಾರರ ಕೂಟವಿತ್ತು. ಗವಿಸಿದ್ದೇಶನೂ ಬರುವವನಿದ್ದ. “ನಾನೇ ಬಂದು ವಿಚಾರಿಸ್ತೀನಿ” ಎಂದು ಐಶ್ವರ್ಯ ಮಾವನ ಜೊತೆ ಹೊರಟೇಬಿಟ್ಟಳು, ಕಂಕುಳಲ್ಲಿ ಮಗ ಅಥರ್ವನನ್ನು ಎತ್ತಿಕೊಂಡು. ಇನ್ನೂ ಅಂಬೆಗಾಲಿಕ್ಕುವ ಆ ಕೂಸಿನ ಒಂದು ದಿನದ ಪ್ರವಾಸಕ್ಕೆ ಕುದಿಸಿದ ನೀರಿನ ಫ್ಲಾಸ್ಕು, ಅದು ಸರಿಯಾಗಿ ಕುದ್ದಿರದಿದ್ದರೆ ಇರಲಿ ಎಂದು ಇನ್ನೊಂದು ಫ್ಲಾಸ್ಕು, ಜ್ವರಮಾಪಕ, ಸೊಳ್ಳೆಪರದೆ, ಸ್ಯಾನಿಟೈಸರ್ ಎಲ್ಲ ಸೇರಿ ದಂಡಯಾತ್ರೆಗೆ ಸಾಕಾಗುವಷ್ಟು ಸರಂಜಾಮಾಯಿತು. (ತೊಟ್ಟಿಲು ಬಸ್ಸಿನ ಬಾಗಿಲಲ್ಲಿ ಹಿಡಿಸಲಿಲ್ಲ. ಪ್ರಯತ್ನ ನಡೆದಿತ್ತು.)

ನಾಣ್ಯದವರೆಂದರೆ ಮಾಡಲು ಕೆಲಸವಿಲ್ಲದೆ ತುಕ್ಕು ಉಜ್ಜುತ್ತ ಕೂತವರು ಎಂಬುದು ಅವಳ ಖಚಿತ ಅಭಿಪ್ರಾಯ. ಆದ್ದರಿಂದ ಒಳಗೆ ಕಾಲಿಟ್ಟವಳೇ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕಲು ಹೊರಟಳು. ಇಡೀ ಹಾಲ್ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯಿತು.

“ಅಕ್ಕಾರ, ಅದು ತಾಮ್ರಕ್ಕ ಮುಟ್ಟಿದ್ರ ಮುಗೀತ್ರಿ!” ಎಂದರು ಬಿಳಿಗಡ್ಡದ ಒಬ್ಬರು. “ನಾವು ಸಾಬೂನ ಹಚ್ಚಿ ತೊಳದು, ಒರಸಿಕೊಂಡು, ಆಮ್ಯಾಲ ನಾಣ್ಯದ ಅಂಚಷ್ಟ ಹಿಡೀತೀವ್ರಿ. ಅದರ ಮ್ಯಾಲ ಉಸುರು ಸೈತ ಬಿಡಂಗಿಲ್ಲ.”

ನಿಜವೇ. ಮೇಜುಗಳ ಮೇಲೆ ಮಖಮಲ್ಲು ಹಾಸಿತ್ತು. ಗಂಡಸರು ಮಾತು ಬಂದರೆ ಮುಖ ಆಚೆ ತಿರುಗಿಸಿ ಆಡಿ, ಮತ್ತೆ ಈಚೆ ತಿರುಗಿ ನೋಡುತ್ತಿದ್ದರು. ತನ್ನ ಮನೆಗೆ ಬಂದು ಕೂಸಿನ ಕೆನ್ನೆ ಹಿಂಡುವ ನೆಂಟರಲ್ಲಿ ಒಬ್ಬರಿಗಾದರೂ ಈ ಸಂಸ್ಕಾರವಿದೆಯೇ ಎಂದು ಐಶ್ವರ್ಯ ನಿಟ್ಟುಸಿರಿಟ್ಟಳು. (ಮುಖ ಆಚೆ ತಿರುಗಿಸಿ.)

ಹುಡುಗ ಇನ್ನೂ ಬಂದಿರಲಿಲ್ಲ. ವಿಚಾರಣೆ ಬಿಳಿಗಡ್ಡದವರಿಂದಲೇ ಶುರುವಾಯಿತು. “ಕುಷ್ಟಗಿ ಗವಿಸಿದ್ದೇಶ ಗೊತ್ತಾ?”

“ಆನಿ? ಗೊತ್ತಿಲ್ದೇನ್ರಿ!”

“ಏನು ಕೆಲಸದಲ್ಲಿದ್ದಾರೆ?”

“ಕೆಲಸ...” ಅವರು ಪಕ್ಕದ ಮೇಜಿಗೆ ಕೂಗಿದರು. “ಏ ಬಹಮನಿ, ಆನಿ ಏನ್ ಕೆಲಸ ಮಾಡ್ತಾನಪಾ?”

ಬಹಮನಿ ಎಂಬ ಬಹಮನಿ ನಾಣ್ಯದ ಮನುಷ್ಯ ತಲೆ ಕೆರೆದುಕೊಂಡ. (ಇಲ್ಲಿ ಕೂಡಿಟ್ಟ ನಾಣ್ಯವೇ ಎಲ್ಲರ ಹೆಸರು.) “ಯಾರಿಗ್ಗೊತ್ತೋ ನಿಜಾಮ. ತೂತಿನ ಕಾಸು ಬರ್ಲಿ, ಕೇಳೂಣು.”

ತೂತಿನ ಕಾಸು ಬಂತು. ಇಳಕಲ್ ಸೀರೆ ಉಟ್ಟ, ಹೆಗಲ ಮೇಲೆ ಹಿಟ್ಟಿನ ಧೂಳಿದ್ದ ಗಟ್ಟಿ ಹೆಂಗಸು. ಅವಳಿಗೂ ಗೊತ್ತಿರಲಿಲ್ಲ. “ನಾ ಏನ್ ಮಾಡ್ತೀನಿ ಅಂತ ಇವ್ರ್ಯಾರಿಗರ ಗೊತ್ತೈತೇನ್ ಕೇಳವಾ ತಂಗಿ!” ಎಂದು ತಿರುಗಿ ಸವಾಲು ಹಾಕಿದಳು. ಯಾರಿಗೂ ಗೊತ್ತಿರಲಿಲ್ಲ!

ಐಶ್ವರ್ಯಳಿಗೆ ಹಟ ಬಂತು. ಒಬ್ಬೊಬ್ಬರನ್ನೇ ಹಿಡಿದು ಕೂರಿಸಿ ಕೇಳುತ್ತ ಹೋದಳು. ಕೇಳುತ್ತ ಹೋದಂತೆ ಅವಳ ಖಚಿತ ಅಭಿಪ್ರಾಯದ ಹೊಲಿಗೆ ಬಿಚ್ಚತೊಡಗಿತು. ಬಿಳಿಗಡ್ಡದ ನಿಜಾಮ ಅಂದರೆ ಯಲಬುರ್ಗಾದ ದರ್ಜಿ ಮರ್ದಾನಸಾಬ. ಮೇಜಿನ ಮೇಲಿದ್ದ ಮಖಮಲ್ಲಿನ ಚೀಲಗಳೆಲ್ಲ, ಒಂದೊಂದು ನಾಣ್ಯಕ್ಕೂ ಅಳತೆ ತೆಗೆದು, ಅವರೇ ಹೊಲಿದವು. (“ಅಚಕನ್ ಕೋಟು ಹೊಲಿಯೋದು ಸಲೀಸ್ರಿ. ಇದಕ್ಕ ಹೆಗಲೂ ಇಲ್ಲ, ಕುತ್ತಿಗೀನೂ ಇಲ್ಲ.”) ಬಹಮನಿ ಕಾರಟಗಿಯ ರೈಸ್ ಮಿಲ್ಲಿನ ಹನಮಪ್ಪ. ಹಗಲೆಲ್ಲ ಭತ್ತದ ಕಾಳು ಕಡಿದು ತೇವ ಹೇಳುವ ಮನುಷ್ಯ, ಇಲ್ಲಿ ನಾಣ್ಯವನ್ನು ಬೆರಳ ತುದಿಯಲ್ಲಿ ಚಿಮ್ಮಿ, ಅದರ ನಾದ ಕೇಳಿ, “ಖೋಟಾ” ಎಂದು ಬದಿಗಿಡುತ್ತಿದ್ದ. ತೂತಿನ ಕಾಸು ಮುದುಕವ್ವ ಕನಕಗಿರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಸದ್ದಿನಲ್ಲಿ ಇಡೀ ವಾರ ಕೂಗಿ ಕೂಗಿ ಮಾತಾಡುವವಳು ನಾಣ್ಯದ ಮುಂದೆ ಮಾತ್ರ ಪಿಸುಗುಟ್ಟುತ್ತಾಳೆ. ಮೂಲೆಯಲ್ಲಿ ಕೂತಿದ್ದ ಕಳಕೇಶ ಅಂಗಡಿಗಳ ಬೋರ್ಡು ಬರೆಯುವವನು. ಸವೆದುಹೋದ ನಾಣ್ಯದಲ್ಲಿ ಒಂದು ಗೀರು ಉಳಿದಿದ್ದರೆ ಸಾಕು, ಅದು ಯಾವ ಅಕ್ಷರದ ಬಾಲ ಎಂದು ಗಾಳಿಯಲ್ಲಿ ಪೂರ್ತಿ ಬರೆದು ತೋರಿಸುತ್ತಿದ್ದ.

ಹಗಲು ದುಡಿದ ಕೈಯೇ ಇಲ್ಲಿ ಬಂದು ರಾಜರ ಮುಖ ಒರೆಸುತ್ತಿತ್ತು. ಐಶ್ವರ್ಯ ಬೆರಗಿನಿಂದ ಒಂದು ಗಂಟೆ ಮಗನ ಜ್ವರ ನೋಡುವುದನ್ನೇ ಮರೆತಳು. ಇದು ದಾಖಲೆ.

ಅಷ್ಟರಲ್ಲಿ ಅಥರ್ವ ಕಿಟಾರನೆ ಕಿರುಚಿದ. ಮುಖ ಕೆಂಪು, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಂಡಿದೆ. ನೀರು ಬೇಡ, ಗಿಲಕಿ ಬೇಡ, ತಾಯಿಯೂ ಬೇಡ. “ದೃಷ್ಟಿ ತಗೀರಿ” ಎಂದರು ಮರ್ದಾನಸಾಬ. “ಕೈಗೆ ಬಜಿ ಬೇರು ಕಟ್ರಿ” ಎಂದಳು ಮುದುಕವ್ವ. ಮಾವ ಚೀಲದಿಂದ ನಾಣ್ಯ ತೆಗೆದು “ನೋಡಲೇ ಗಂಡಭೇರುಂಡ” ಎಂದು ತೋರಿಸಿದರು. ಅಳು ಇಮ್ಮಡಿಯಾಯಿತು. ಐಶ್ವರ್ಯಳ ಕಣ್ಣಲ್ಲಿ ಅಂಬುಲೆನ್ಸು, ಐಸಿಯು ಎಲ್ಲ ಹಾದುಹೋದವು.

ಆಗ ಬಾಗಿಲಲ್ಲಿ ಅವನು ಕಾಣಿಸಿಕೊಂಡ. ಎತ್ತರದ ಆಳು, ಬೂಟಿಗೆ ಕೆಸರು, ಮೈಯಿಂದ ಫಿನಾಯಿಲಿನ ವಾಸನೆ.

“ತಡಾ ಆತ್ರಿ ಕಾಕಾ” ಎಂದ ವಿರೂಪಾಕ್ಷಪ್ಪನವರಿಗೆ. “ಹನಮಸಾಗರದ ಕಡಿ ಹೆರಿಗಿ ಇತ್ತು. ಭಾಳ ತ್ರಾಸಾತು, ಅಡ್ಡ ಬಂದಿತ್ತು. ಕಡೀಕ ಜೋಡಿ ಹುಟ್ಟಿದ್ವು. ತಾಯಿ ಆರಾಮದಾಳ, ಆಗ್ಲೇ ಎದ್ದು ನಿಂತು ತಿನ್ನಾಕ ಹತ್ಯಾಳ.”

ಐಶ್ವರ್ಯಳ ಎದೆಯಲ್ಲಿ ದೀಪ ಹತ್ತಿತು. ಡಾಕ್ಟರು! ಹೆರಿಗೆ ಡಾಕ್ಟರು! ಜೋಡಿ ಮಕ್ಕಳನ್ನು ಹೆತ್ತು ಅದೇ ಗಳಿಗೆಯಲ್ಲಿ ಎದ್ದು ನಿಂತು ಉಣ್ಣುವ ಆ ತಾಯಿಯ ಗಟ್ಟಿತನಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. (ತಾನು ಹೆತ್ತಾಗ ಮಗ್ಗುಲು ಬದಲಿಸಲು ಮೂವರು ಬೇಕಾಗಿದ್ದರು.)

ಗವಿಸಿದ್ದೇಶ ಮೊಣಕೈವರೆಗೂ ಸಾಬೂನು ಹಚ್ಚಿ ಕೈ ತೊಳೆದು ಬಂದ. ಮೊಣಕೈವರೆಗೆ! ಮೈಸೂರಿನ ದೊಡ್ಡ ಡಾಕ್ಟರೂ ಮಣಿಕಟ್ಟು ದಾಟಿದವರಲ್ಲ. ಕೂಸನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು, ಪಕ್ಕೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು ನೋಡಿದ.

“ಹೊಸಾದು ಏನರ ತಿನ್ನಿಸೀರೇನ್ರಿ?”

“ನಿನ್ನೆಯಿಂದ ರಾಗಿ ಸರಿ ಶುರು ಮಾಡಿದೀನಿ ಡಾಕ್ಟ್ರೇ.”

“ಒಮ್ಮಿಂದೊಮ್ಮೆಲೆ ಬದ್ಲಾಸಬಾರದ್ರಿ. ಹೊಟ್ಟಿ ಉಬ್ಬರಾಕ್ಕತಿ. ಹಳೇದ್ರಾಗ ಸ್ವಲ್ಪ ಸ್ವಲ್ಪ ಕಲಸಿ ರೂಢಿ ಮಾಡಸ್ಬೇಕು.” ಹೀಗೆ ಹೇಳುತ್ತಲೇ ಕೂಸಿನ ಪಕ್ಕೆಯನ್ನು ಒಂದು ಲಯದಲ್ಲಿ ತಿಕ್ಕಿದ. ಬಾಯಲ್ಲಿ “ಹೋ... ಹೋ... ಹೋ ಮಗನ” ಎಂಬ ವಿಚಿತ್ರ ಜೋಗುಳ. ಅಥರ್ವ ತನ್ನ ಗಾತ್ರಕ್ಕೆ ಮೀರಿದ ಒಂದು ತೇಗು ತೇಗಿ, ಅವನ ಭುಜದ ಮೇಲೆ ನಿದ್ದೆಹೋದ.

ಆಮೇಲೆ ಕೇಳುವುದಕ್ಕೇನು ಉಳಿದಿತ್ತು? ಮಲಗಿದ ಕೂಸನ್ನು ಒಂದು ಕೈಯಲ್ಲಿ ಹಿಡಿದೇ ಅವನು ಇನ್ನೊಂದು ಕೈಯಿಂದ ತನ್ನ ಆನೆಗಳನ್ನು ತೋರಿಸಿದ. ಉಗುರಗಲದ ತಾಮ್ರದಲ್ಲಿ ಸೊಂಡಿಲು, ಬಾಲ, ಗಂಟೆ. “ಈ ಕೆತ್ತಿದಾಂವ ಆನಿ ಹತ್ರ ನಿಂತು ನೋಡ್ಯಾನ್ರಿ ಅಕ್ಕಾರ. ಹಿಂಗಾಲು ಮಡಚೋ ರೀತಿ ನೋಡ್ರಿ, ದೂರದಿಂದ ನೋಡಿದಾಂವಗ ಇದು ಬರಂಗಿಲ್ಲ” ಎಂದು ಅವನು ಹೇಳುವಾಗ ಆ ಕಣ್ಣುಗಳ ವಿಷಯದಲ್ಲಿ ತಂಗಿ ಹೇಳಿದ್ದು ಸುಳ್ಳಲ್ಲ ಎನ್ನಿಸಿತು.

ಆ ರಾತ್ರಿ ಅಪ್ಪನಿಗೆ ಫೋನು ಹೋಯಿತು. “ಡಾಕ್ಟರು ಅಪ್ಪಾ! ಹೆರಿಗೆ, ಮಕ್ಕಳು, ಎರಡೂ ನೋಡ್ತಾರೆ. ನಾನೇ ಕಣ್ಣಾರೆ ಕಂಡೆ.”

“ಅವನೇ ಹೇಳಿದನೇನಮ್ಮ?”

“ಕೇಳೋದೇ ಬೇಕಾಗಲಿಲ್ಲ!” ಎಂದಳು ಹೆಮ್ಮೆಯಿಂದ.

ಮುಂದಿನ ಭಾನುವಾರ, ಮೈಸೂರಿನಿಂದ ಬಂದಿಳಿದ ಅಪ್ಪ, ಅನ್ನಪೂರ್ಣ, ಐಶ್ವರ್ಯಳ ಗಂಡ ಶರಣಕುಮಾರ ಎಲ್ಲ ಸೇರಿ ಕುಷ್ಟಗಿಗೆ ಹೊರಟ ಬೀಗರ ಬಳಗ ಎರಡು ಗಾಡಿ ತುಂಬಿತು. ವರ ನೋಡಲು ಇಷ್ಟು ಜನವೇಕೆ ಎಂದರೆ, ಮಕ್ಕಳ ಡಾಕ್ಟರೆಂಬ ಸುದ್ದಿ ಹಬ್ಬಿ ಸೋದರತ್ತೆ ತನ್ನ ಮೊಮ್ಮಕ್ಕಳನ್ನೆಲ್ಲ ಕರೆತಂದಿದ್ದಳು: ಒಬ್ಬ ಉಣ್ಣುವುದಿಲ್ಲ, ಒಬ್ಬಳಿಗೆ ಕೆಮ್ಮು, ಇನ್ನೊಬ್ಬ ಹಾಸಿಗೆಯಲ್ಲಿ ಉಚ್ಚೆ. ಚಿಕ್ಕಮ್ಮನ ಬಸುರಿ ಮಗಳೊಬ್ಬಳು ತನ್ನ ಸ್ಕ್ಯಾನಿಂಗ್ ಕಡತದ ಸಮೇತ ಬಂದಿದ್ದಳು.

ಹುಡುಗನ ಮನೆಯ ಅಂಗಳದಲ್ಲಿ ಬೇವಿನ ಮರದಡಿ ಸಾಲು ನಿಂತಿತ್ತು. ರೈತರು, ಆಡುಗಳು, ಒಂದು ಕರು, ಮರಕ್ಕೆ ಕಟ್ಟಿದ ಒಂದು ಎಮ್ಮೆ. “ಪಾಪ, ಮನೇಲಿ ನೋಡ್ಕೊಳ್ಳೋರಿಲ್ಲ ಅಂತ ಜೊತೇಲೇ ಹೊಡ್ಕೊಂಡು ಬಂದಿದಾರೆ” ಎಂದು ಸೋದರತ್ತೆ ಮರುಗಿ, ಮೊಮ್ಮಕ್ಕಳನ್ನು ಆಡುಗಳ ಹಿಂದೆ ಶಿಸ್ತಾಗಿ ನಿಲ್ಲಿಸಿದಳು. ಬಸುರಿ ಎಮ್ಮೆಯ ಪಕ್ಕ ಕುರ್ಚಿ ಹಾಕಿಕೊಂಡಳು. ಸರದಿ ಬಂದಾಗ ಸೋದರತ್ತೆ ಮೊದಲನೆಯವನನ್ನು ಮುಂದಕ್ಕೆ ತಳ್ಳಿದಳು.

“ಡಾಕ್ಟ್ರೇ, ಇವನು ಏನೂ ತಿನ್ನಲ್ಲ.”

“ನಮ್ಮದೂ ತಿನ್ನವಲ್ದುರಿ” ಎಂದ ಹಿಂದಿನಿಂದ ಆಡಿನವನು. “ಬಾಯಾಗ ಅಡಸಿ ಗೊಟ್ಟಾ ಇಟ್ಟು ಔಷಧ ಕುಡಿಸಿದ್ರೇನ್ರಿ?”

ಗವಿಸಿದ್ದೇಶ ಹುಡುಗನನ್ನೂ ಆಡನ್ನೂ ನೋಡಿ, ಎದ್ದು ನಿಂತು ಕೈಮುಗಿದ. “ಅಮ್ಮಾರ, ತಪ್ಪು ತಿಳೀಬ್ಯಾಡ್ರಿ. ನಾ ದನದ ಡಾಕ್ಟ್ರು. ಸರ್ಕಾರಿ ಪಶು ಆಸ್ಪತ್ರಿ.”

ಅಂಗಳದಲ್ಲಿ ಎಮ್ಮೆಯೊಂದು ಬಿಟ್ಟರೆ ಯಾರೂ ಉಸಿರಾಡಲಿಲ್ಲ. ಬಸುರಿ ಕುರ್ಚಿಯನ್ನು ಎಮ್ಮೆಯಿಂದ ಎರಡು ಅಡಿ ದೂರ ಜರುಗಿಸಿದಳು.

“ಹೌದೇನಲೇ?” ವಿರೂಪಾಕ್ಷಪ್ಪನವರು ಎಲ್ಲರಿಗಿಂತ ಹೆಚ್ಚು ಚಕಿತರಾಗಿದ್ದರು. “ಇಷ್ಟು ವರ್ಷ ಹೇಳೇ ಇಲ್ಲಲ್ಲೋ!”

“ನೀವು ಕೇಳೇ ಇಲ್ಲಲ್ರಿ ಕಾಕಾ.”

ಅಪ್ಪ ನಿಧಾನವಾಗಿ ಹಿರಿಮಗಳ ಕಡೆ ತಿರುಗಿದರು. ಆದರೆ ಐಶ್ವರ್ಯಳ ಎದುರು ಆಗ ಅಪ್ಪನಿರಲಿಲ್ಲ. ಹನಮಸಾಗರದಲ್ಲಿ ಎದ್ದು ನಿಂತು ತಿನ್ನುತ್ತಿದ್ದ ಆ ಗಟ್ಟಿಗಿತ್ತಿ ತಾಯಿ ನಾಲ್ಕು ಕಾಲಿನ ಮೇಲೆ ನಿಂತಿದ್ದಳು. ಸೋಪಿನಲ್ಲಿ ಮೊಣಕೈವರೆಗೆ ತೊಳೆದದ್ದು ಏಕೆಂದು ಈಗ ಹೊಳೆದು, ಅವಳು ಮಗನನ್ನು ಎದೆಗವಚಿಕೊಂಡಳು.

ಅವಳನ್ನು ಉಳಿಸಿದ್ದು ಅನ್ನಪೂರ್ಣಳ ನಗು. ಕೂತಲ್ಲೇ ಬಿದ್ದು ಬಿದ್ದು ನಕ್ಕು, ಕಣ್ಣೊರೆಸಿಕೊಂಡು, “ಅಪ್ಪಾ, ನನಗೆ ಒಪ್ಪಿಗೆ” ಎಂದಳು. ಅಪ್ಪನೂ ‘ಸರ್ಕಾರಿ’ ಎಂಬ ಶಬ್ದವನ್ನು ಬಾಯಲ್ಲಿ ಎರಡು ಸಲ ಚಪ್ಪರಿಸಿ ಕರಗಿದರು. ಹುಡುಗ ಮಾತ್ರ ಸಾಲಿನ ಕೊನೆಯ ಆಡನ್ನೂ ನೋಡಿ ಮುಗಿಸಿ, ಮಕ್ಕಳಿಗೆಲ್ಲ ಕರುವನ್ನು ಮುಟ್ಟಲು ಕೊಟ್ಟು, ಆಮೇಲೆಯೇ ಒಳಗೆ ಬಂದು ಕೂತ.

ಗಿರ್ಮಿಟ್ಟು, ಚಹಾ ಬಂದವು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಐಶ್ವರ್ಯಳ ಎದುರು ಕೂತರು.

“ನಮ್ಮ ಹುಡುಗನ ಉದ್ಯೋಗ ಕೇಳಾಕ ಕೊಪ್ಪಳತನಕ ಹೋಗಿದ್ದಿ ಅಂತ. ಛಲೋ ಮಾಡಿದಿ, ಹಂಗ ವಿಚಾರಸ್ಬೇಕು. ನಮ್ಮದೂ ಒಂದ ಮಾತು ಐತೆವಾ. ನಿಮ್ಮನ್ಯಾರು ಏನ್ ಕೆಲಸ ಮಾಡ್ತಾರ?”

ಪಕ್ಕದಲ್ಲೇ ಗಂಡ ಶರಣಕುಮಾರ ಬಾಯಿ ತುಂಬ ಗಿರ್ಮಿಟ್ಟು ತುಂಬಿಕೊಂಡು ಕೂತಿದ್ದ.

“ಗಿಣಿಗೇರಿ ಹತ್ರ ಉಕ್ಕಿನ ಕಾರ್ಖಾನೇಲಿ ಇದಾರೆ” ಎಂದಳು ಐಶ್ವರ್ಯ.

“ಕಾರ್ಖಾನಿಯಾಗ ಏನ್ ಮಾಡ್ತಾರ?”

“ಶಿಫ್ಟು.”

“ಶಿಫ್ಟಿನಾಗ?”

ಐಶ್ವರ್ಯ ಯೋಚಿಸಿದಳು. ಗಂಡನ ರಕ್ತದ ಗುಂಪು ಗೊತ್ತಿತ್ತು. ಬೆವರಿಗೆ ಯಾವ ಬನಿಯನ್ನು ತುರಿಸುತ್ತದೆ, ಯಾವ ಪಲ್ಯಕ್ಕೆ ಹುಳಿತೇಗು, ಯಾವ ಮೊಣಕಾಲು ಕಟಕ್ಕೆನ್ನುತ್ತದೆ ಎಲ್ಲ ಗೊತ್ತಿತ್ತು. ಮನೆಯಿಂದ ಡಬ್ಬಿ ಹಿಡಿದು ಹೋಗಿ, ಡಬ್ಬಿ ಖಾಲಿ ಮಾಡಿ ಬರುವ ಮನುಷ್ಯ ಈ ನಡುವೆ ಎಂಟು ತಾಸು ಏನು ಮಾಡುತ್ತಾನೆಂದು ಮದುವೆಯಾದಾಗಿನಿಂದ ಒಂದು ದಿನವೂ ಕೇಳಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಶರಣಕುಮಾರ ಜಗಿಯುವುದನ್ನು ನಿಲ್ಲಿಸಿ, ಉತ್ತರ ತಿಳಿಯುವ ಕುತೂಹಲದಿಂದ ಅವಳ ಬಾಯನ್ನೇ ನೋಡುತ್ತಿದ್ದ. ಅಪ್ಪ ನೋಡುತ್ತಿದ್ದರು. ಸೋದರತ್ತೆ ನೋಡುತ್ತಿದ್ದಳು.

“ಭಾಳ ಛಲೋ ಮನಷಾ ಅದಾರ್ರಿ” ಎಂದಳು ಐಶ್ವರ್ಯ, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅಪ್ಪಟ ಕುಷ್ಟಗಿ ಭಾಷೆಯಲ್ಲಿ.