ಅವಾಚ್ಯ ಶಬ್ದಗಳ ಗುಮಾಸ್ತ

ಬೈಯುವವರನ್ನು ಕಂಡರೆ ನನಗಾಗದು. ಅದಕ್ಕೇ ಇರಬೇಕು, ದೇವರು ನನ್ನ ಯೌವನವನ್ನೆಲ್ಲ ಬೈಗುಳದ ನಡುವೆ ತಂದು ಕೂರಿಸಿದ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ. ಮುಳಬಾಗಿಲಿನ ಅಮಲ್ದಾರರ ಕಚೇರಿಯಲ್ಲಿ ನಾನು ಗುಮಾಸ್ತ. ಸಣ್ಣಪುಟ್ಟ ಕೇಸುಗಳಿಗೆ ಅಮಲ್ದಾರರೇ ಮ್ಯಾಜಿಸ್ಟ್ರೇಟರು. ನಮ್ಮ ಸೀಮೆಯ ಜನ ಕೈ ಮಾಡುವುದು ಕಡಿಮೆ, ಬಾಯಿ ಮಾಡುವುದು ಜಾಸ್ತಿ. ಹಾಗಾಗಿ ಬರುತ್ತಿದ್ದದ್ದೆಲ್ಲ ಬೈದ ಕೇಸುಗಳೇ.

ಅರ್ಜಿಯಲ್ಲಿ "ಅವಾಚ್ಯ ಶಬ್ದಗಳಿಂದ ಬೈದನು" ಎಂದು ಬರೆದಿದ್ದರೆ ಅಮಲ್ದಾರರು ಒಪ್ಪುತ್ತಿರಲಿಲ್ಲ. "ಯಾವ ಶಬ್ದ ಅಂತ ತಿಳೀದೆ ಅದು ತಪ್ಪೋ ಅಲ್ವೋ ನಾನು ಹೆಂಗೆ ಹೇಳ್ಲಿ?" ಅನ್ನುತ್ತಿದ್ದರು. ಹಾಗಾಗಿ ಯಾರೂ ಆಡಬಾರದ ಮಾತನ್ನು ಸಾಕ್ಷಿ ಎಲ್ಲರೆದುರು ಆಡಬೇಕು. ನಾನು ಅಕ್ಷರ ಬಿಡದೆ ಬರೆಯಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. "ಓದಿ ಹೇಳಲಾಗಿ ಕೇಳಿ ಸರಿಯೆಂದು ಒಪ್ಪಿದೆ" ಎಂದು ಕೆಳಗೆ ಸಾಕ್ಷಿ ರುಜು ಹಾಕಬೇಕು. ಬೀದಿಯಲ್ಲಿ ಒಂದು ಸಲ ಬೈದದ್ದು ನಮ್ಮ ಕಚೇರಿಯಲ್ಲಿ ಕಡಿಮೆ ಅಂದರೂ ಮೂರು ಸಲ ಆಗುತ್ತಿತ್ತು, ಅದರಲ್ಲಿ ಒಂದು ನನ್ನ ಬಾಯಿಂದ.

ಆಗ ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಕಣ್ಣು ಮುಚ್ಚುವುದರೊಳಗೆ ಸೊಸೆಯ ಕೈಯ ಒಂದು ಲೋಟ ನೀರು ಕುಡಿಯಬೇಕು ಅನ್ನುವುದು ಅಮ್ಮನ ಒಂದೇ ಆಸೆ. ನನ್ನ ಆಸೆಯೂ ಅದೇ, ನೀರಿನ ವಿಚಾರ ಬಿಟ್ಟು.

೧. ಪುರೋಹಿತರ ಆಚಮನ

ಮೊದಲನೇ ಹೆಣ್ಣನ್ನು ನೋಡಿಕೊಟ್ಟವರು ನಮ್ಮೂರಿನ ಪುರೋಹಿತರೊಬ್ಬರು. ಮಾತುಕತೆ ಅರ್ಧ ಆಗಿತ್ತು. ಅಷ್ಟರಲ್ಲಿ ದೇವಸ್ಥಾನದ ಬಾವಿಕಟ್ಟೆಯ ಮೇಲೆ ಇಬ್ಬರು ಜಗಳವಾಡಿದರು. ಅಲ್ಲಿ ಸ್ನಾನ ಮಾಡುತ್ತಿದ್ದ ಪುರೋಹಿತರೇ ಸಾಕ್ಷಿಯಾದರು.

"ಏನಂತ ಬೈದ, ಹೇಳಿ" ಎಂದರು ಅಮಲ್ದಾರರು.

"ಅದನ್ನ ಹೇಳೋ ಬಾಯಲ್ಲ ಸ್ವಾಮಿ ಇದು."

"ಹೇಳ್ದಿದ್ರೆ ಕೇಸು ನಿಲ್ಲಲ್ಲ."

ಪುರೋಹಿತರು ಮನೆಯಿಂದ ಪಂಚಪಾತ್ರೆ ತರಿಸಿಕೊಂಡರು. ಒಂದು ಆಚಮನ ಮಾಡಿದರು, ಒಂದು ಶಬ್ದ ಹೇಳಿದರು. ಬಾಯಿ ಶುದ್ಧಿಗೆ ಮತ್ತೊಂದು ಆಚಮನ. ಹೀಗೆ ಒಂಬತ್ತು ಶಬ್ದ. ಮುಗಿಯುವ ಹೊತ್ತಿಗೆ ಸಾಕ್ಷಿ ಕಟಕಟೆಯೆಲ್ಲ ಒದ್ದೆ. ನಾನು ತಲೆ ಎತ್ತದೆ ಬರೆದೆ. ಇಷ್ಟು ಶ್ರದ್ಧೆಯ ಗುಮಾಸ್ತನನ್ನು ಕಂಡು ಅವರಿಗೆ ಸಂತೋಷವಾಗುತ್ತದೆ ಅಂತ ನಾನು ನಂಬಿದ್ದೆ.

ಮಾರನೇ ದಿನ ಅವರೇ ಮನೆಗೆ ಬಂದು ಅಮ್ಮನಿಗೆ ಹೇಳಿದರು: "ಹುಡುಗ ಒಳ್ಳೆಯವನೇ ಕಣಮ್ಮ. ಆದ್ರೆ ನಾನು ಬೇರೆಬೇರೆ ಮಾತು ಒಂಬತ್ತು ಹೇಳಿದೆ, ಒಂದಕ್ಕೂ ಅವನು 'ಇನ್ನೊಂದು ಸಲ ಹೇಳಿ' ಅನ್ಲಿಲ್ಲ. ಅಷ್ಟು ಅಭ್ಯಾಸ ಎಲ್ಲಿಂದ ಬಂತು?"

೨. ಶ್ರೀನಿವಾಸಪುರದಿಂದ ಬಂದವರು

ಎರಡನೇ ಹೆಣ್ಣು ಶ್ರೀನಿವಾಸಪುರದ್ದು. ಹುಡುಗಿಯ ತಂದೆ ಬಹಳ ಎಚ್ಚರದ ಮನುಷ್ಯ. ಹುಡುಗನನ್ನು ಮನೆಯಲ್ಲಿ ನೋಡಿದರೆ ಎಲ್ಲರೂ ಒಳ್ಳೆಯವರೇ, ಕೆಲಸದ ಜಾಗದಲ್ಲಿ ನೋಡಬೇಕು ಅನ್ನುವುದು ಅವರ ಲೆಕ್ಕಾಚಾರ. ಹೇಳದೆ ಕೇಳದೆ ಬಸ್ಸು ಹತ್ತಿ ಬಂದು ಕಚೇರಿಯ ಜಗಲಿಯಲ್ಲಿ ನಿಂತರು. ನನಗೆ ಅವರ ಗುರುತಿಲ್ಲ.

ಒಳಗೆ ಇಬ್ಬರು ಮಾವಿನ ದಲ್ಲಾಳಿಗಳ ಕೇಸು ನಡೆಯುತ್ತಿತ್ತು. ರಾಯಲ್ಪಾಡಿನ ಕಡೆಯವರು, ಬೈಗುಳವೆಲ್ಲ ತೆಲುಗಿನಲ್ಲೇ. ಬೈದವನು ತನ್ನ ತಪ್ಪು ಒಪ್ಪಿಕೊಂಡು ಹೇಳಿಕೆ ಕೊಟ್ಟಿದ್ದ. ಅವನಿಗೆ ಕಿವಿ ಮಂದ. "ಗಟ್ಟಿಯಾಗಿ ಓದಯ್ಯಾ, ಅವನಿಗೆ ಕೇಳ್ಬೇಕು" ಎಂದರು ಅಮಲ್ದಾರರು.

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. ಹೇಳಿಕೆ ಅಂದಮೇಲೆ ಎಲ್ಲ "ನಾನು" ಅಂತಲೇ ಇರುತ್ತದೆ. "ನಾನು ಅವನಿಗೆ, 'ನೀ ಇಲ್ಲು ಕೂಲ', ಅಂದರೆ ನಿನ್ನ ಮನೆ ಬಿದ್ದುಹೋಗ, ಎಂದೆನು. ಆಮೇಲೆ ಅವನ ಹೆಂಡತಿಗೆ ಎಂದೆನು. ಆಮೇಲೆ ಅವನ ತಾಯಿಗೆ ಎಂದೆನು." ಪ್ರತಿಯೊಬ್ಬರಿಗೂ ಏನೇನು ಎಂದೆನೋ ಅದನ್ನೂ ಓದಿದೆ. ಮುಗಿಸಿ ನೋಡಿದರೆ, ಜಗಲಿಯಲ್ಲಿ ಜರಿಪೇಟದ ಹಿರಿಯರೊಬ್ಬರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಸ್ಸಿನ ಕಡೆ ಓಡುತ್ತಿದ್ದರು.

ಎರಡು ದಿನಕ್ಕೆ ಕಾಗದ ಬಂತು. ಜಾತಕ ಕೂಡಲಿಲ್ಲ ಎಂದು ಬರೆದಿದ್ದರು. ನನ್ನ ಜಾತಕ ಇನ್ನೂ ಅಮ್ಮನ ಪೆಟ್ಟಿಗೆಯಲ್ಲೇ ಇತ್ತು.

೩. ಮರ್ಯಾದೆ ಕೊಟ್ಟ ಕೇಸು

ಒಂದು ದಿನ ಕಲಾಯಿ ಸಾಬರು ಅಳುತ್ತಾ ಬಂದರು. ಬೀದಿಬೀದಿ ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವವರು, ನಮ್ಮ ಮನೆಗೂ ಅವರೇ. ಜಟಕಾ ಹೊಡೆಯುವ ಸಾಬರ ಮೇಲೆ ಅವರ ದೂರು. ಇಬ್ಬರೂ ಲಂಗೋಟಿ ದೋಸ್ತಿಗಳು ಅನ್ನುವುದು ಊರಿಗೇ ಗೊತ್ತು.

"ಏನಂದ?" ಎಂದರು ಅಮಲ್ದಾರರು. ನಾನು ಲೇಖನಿ ಅದ್ದಿ ಸಿದ್ಧವಾದೆ.

"'ಆಪ್ ಬೈಠಿಯೇ' ಅಂದ ಹುಜೂರ್."

"ಅಂದ್ರೆ?"

"ನೀವು ಕೂತ್ಕೊಳ್ಳಿ ಅಂತ."

"ಅದ್ರಲ್ಲಿ ಬೈದದ್ದೆಲ್ಲಿ ಬಂತಯ್ಯಾ?"

ಕಲಾಯಿ ಸಾಬರು ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಂಡರು. "ಇಪ್ಪತ್ತು ವರ್ಷ ಹುಜೂರ್. ದಿನಾ ಬೆಳಿಗ್ಗೆ ನನ್ನ ನೋಡಿದ್ ತಕ್ಷಣ, ಬಾರೋ ಕತ್ತೆ, ನಿನ್ನ ಮುಖಕ್ಕೆ ಬೆಂಕಿ ಹಾಕ ಅಂತಿದ್ದ. ಮೊನ್ನೆ ಹೊಸ ಜಟಕಾ ತಗೊಂಡ. ಸ್ಟ್ಯಾಂಡಿನಲ್ಲಿ ನಾಕು ಜನದ ಮುಂದೆ ನನ್ನ 'ಆಪ್' ಅಂದುಬಿಟ್ಟ. ನಾನೇನು ಅವನಿಗೆ ಬೇರೆಯವನಾ?"

ಜಟಕಾ ಸಾಬರು ತಲೆ ತಗ್ಗಿಸಿ ನಿಂತಿದ್ದರು. ಹೊಸ ಗಾಡಿಯಲ್ಲಿ ದೊಡ್ಡ ಮನುಷ್ಯರು ಕೂತಿದ್ದರಂತೆ, ಬಾಯಿ ಹೊರಳಲಿಲ್ಲವಂತೆ. ಅಮಲ್ದಾರರು ಸೀಸದಕಡ್ಡಿ ಕೆಳಗಿಟ್ಟು, "ಇಬ್ರೂ ಹೊರಗೆ ಹೋಗಿ ಸರಿಮಾಡ್ಕೊಂಡು ಬನ್ನಿ" ಎಂದು ಕಳಿಸಿದರು.

ಜಗಲಿಯಿಂದ ಐದು ನಿಮಿಷ ಕೇಳಬಾರದ್ದೆಲ್ಲ ಕೇಳಿಸಿತು. ನನ್ನ ಅನುಭವದಲ್ಲೇ ಇಲ್ಲದ ಕೆಲವು ಶಬ್ದಗಳೂ ಇದ್ದವು. ಆಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಮೂಗು ಸೀಟಿಕೊಳ್ಳುತ್ತಾ ಒಳಗೆ ಬಂದರು.

"ಸ್ವಾಮಿ, ಇದನ್ನೂ ಬರೀಲಾ?" ಎಂದೆ.

"ಬೇಡ" ಎಂದರು ಅಮಲ್ದಾರರು. "ಅದು ಬೈಗುಳ ಅಲ್ಲ, ರಾಜಿ."

೪. ಅಮ್ಮನ ಒಳ್ಳೆಯ ಮಾತು

ನನಗಿಂತ ಮುಂಚೆ ಅಮ್ಮನಿಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಎರಡನ್ನೂ ಚಿನ್ನ, ರನ್ನ ಅಂತ ಕರೆದಿದ್ದಳಂತೆ. ಮೂರನೆಯವನು ನಾನು ಹುಟ್ಟಿದಾಗ "ಹಾಳಾದೋನೇ" ಅಂತ ಕರೆಯಲು ಶುರುಮಾಡಿದಳು. ಹಾಳಾದದ್ದನ್ನು ಯಾರು ತಾನೇ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ಅವಳ ಲೆಕ್ಕ. ನಾನು ಉಳಿದೆ, ಹೆಸರೂ ಉಳಿಯಿತು. "ಹಾಳಾದೋನೇ, ಏಳು. ಹಾಳಾದೋನೇ, ಅನ್ನ ಆರ್ತಾ ಇದೆ." ನಮ್ಮ ಬೀದಿಗೆಲ್ಲ ಅಭ್ಯಾಸವಾಗಿತ್ತು. ಇಡೀ ದಿನ ಬೈಗುಳ ಬರೆದು ಮನೆಗೆ ಬಂದವನಿಗೆ ಈ ಒಂದು ಬೈಗುಳ ಬೈಗುಳ ಅಂತ ಅನ್ನಿಸಿಯೇ ಇರಲಿಲ್ಲ.

ಮೂರನೇ ಹೆಣ್ಣು ಬೈರಕೂರಿನದು. ಹುಡುಗಿಯ ಅಜ್ಜಿಯದೇ ಅಲ್ಲಿ ಯಜಮಾನಿಕೆ, ಅವರೇ ಮನೆ ನೋಡಲು ಬಂದರು. ಎರಡು ಸಲ ಸುಟ್ಟುಕೊಂಡ ನಾನು ಹಿಂದಿನ ದಿನವೇ ಅಮ್ಮನ ಕೈ ಹಿಡಿದು ಹೇಳಿದ್ದೆ: "ಅಮ್ಮಾ, ನಾಳೆ ಒಂದಿನ ಒಳ್ಳೆ ಮಾತಾಡು. ಆ ಮಾತು ಬೇಡ."

ಅಮ್ಮ ಮಾತು ಉಳಿಸಿಕೊಂಡಳು. "ಬಾಪ್ಪಾ ಮಗು, ಕೂತ್ಕೋಪ್ಪಾ, ಹಾಲು ತಗೋಪ್ಪಾ" ಅಂತ ಯಾರದೋ ಮನೆಯ ಮಗನನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು. ಪ್ರತಿ ಮಾತಿಗೂ ಮುಂಚೆ ಒಂದು ಗಳಿಗೆ ತಡೆಯುತ್ತಿದ್ದಳು. ಅಭ್ಯಾಸವಿಲ್ಲದ ನಾನೂ ಬೆಚ್ಚಿಬೀಳುತ್ತಿದ್ದೆ. ಅಜ್ಜಿ ಇಬ್ಬರನ್ನೂ ನೋಡುತ್ತಾ ಕೂತಿದ್ದರು.

ಹೋದವರು ಹೇಳಿಕಳಿಸಿದ ಮಾತು ಹೀಗಿತ್ತು: "ಹುಡುಗ ಬಂಗಾರದಂಥವನು. ಪಾಪ, ಮಲತಾಯಿ ಇದ್ದಾಳೆ ಅನ್ನೋದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

೫. ನಾನು ಬರೆಯದ ಶಬ್ದ

ಅಮ್ಮ ಎರಡು ದಿನ ಊಟ ಬಿಟ್ಟಳು. ಹದಿನೈದು ದಿನ ಮನಸ್ಸಿನಲ್ಲೇ ಕುದಿದಳು. ಆಮೇಲೆ ನನಗೆ ಹೇಳದೆ ಗಾಡಿ ಕಟ್ಟಿಸಿಕೊಂಡು ಬೈರಕೂರಿಗೆ ಹೋಗಿ, ಅಜ್ಜಿಯ ಮನೆಯ ಮುಂದೆ ನಿಂತು, ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದದ್ದನ್ನೆಲ್ಲ ಆ ಮನೆಗೆ ಸುರಿದು ಬಂದಳು. ಅಜ್ಜಿ ಸುಮ್ಮನಿರುವವರಲ್ಲ. ಕೇಸು ಹಾಕಿದರು.

ಇನ್ನೊಬ್ಬ ಗುಮಾಸ್ತ ಕಾಗದಪತ್ರ ತೆಗೆದುಕೊಂಡು ಕೋಲಾರಕ್ಕೆ ಹೋಗಿದ್ದ. "ನೀನೇ ಬರಿ, ಬೇರೆ ಯಾರಿದ್ದಾರೆ" ಎಂದರು ಅಮಲ್ದಾರರು. ಅಜ್ಜಿ ಕಟಕಟೆ ಹತ್ತಿ ಒಂದೊಂದೇ ಶಬ್ದ ಹೇಳಿದರು. ನಾನು ಬರೆದೆ. ಅವುಗಳಲ್ಲಿ ಎರಡು ಶಬ್ದ ಅಮ್ಮನನ್ನು ಜೈಲಿಗೇ ಕಳಿಸುವಂಥವು ಅನ್ನಿಸಿ ಹೆದರಿಕೆಯಾಯಿತು. ಜೀವನದಲ್ಲಿ ಅದೇ ಮೊದಲು, ಬಿಟ್ಟುಬಿಟ್ಟೆ. ಓದಿ ಹೇಳಿದೆ. ವಯಸ್ಸಾದ ಅಜ್ಜಿಗೆ ಗೊತ್ತಾಗಲಿಲ್ಲ, ಹೆಬ್ಬೆಟ್ಟು ಒತ್ತಿದರು.

ಅಮಲ್ದಾರರು ಅಮ್ಮನನ್ನು ಕೇಳಿದರು: "ಇಷ್ಟೂ ಮಾತು ನೀವು ಆಡಿದ್ದು ನಿಜಾನೇನಮ್ಮ?"

"ನಿಜ ಸ್ವಾಮಿ" ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಎರಡು ಬಿಟ್ಟಿದ್ದೀಯಲ್ಲೋ. ಸರ್ಕಾರದ ಅನ್ನ ತಿಂದು ಸುಳ್ಳು ಬರೀತೀಯಾ ಹಾಳಾದೋನೇ?"

ಕೆಲಸ ಹೋಯಿತು ಅಂತ ನಾನು ಮೇಜು ಹಿಡಿದುಕೊಂಡೆ. ಆದರೆ ಬೈರಕೂರಿನ ಅಜ್ಜಿಯ ಮುಖ ಅರಳಿತ್ತು. "ಏನಂದ್ಯಮ್ಮಾ? ಇನ್ನೊಂದ್ಸಲ ಅನ್ನು" ಎಂದರು.

"ಹಾಳಾದೋನೇ ಅಂದೆ. ನನ್ನ ಮಗ, ಅಂತೀನಿ."

"ಸ್ವಾಮಿ, ಕೇಸು ಬೇಡ" ಎಂದರು ಅಜ್ಜಿ. "ಇವಳು ಹೆತ್ತ ತಾಯಿನೇ. ಮಲತಾಯಿ ಬಾಯಲ್ಲಿ ಆ ಮಾತು ಹಿಂಗೆ ಬರಲ್ಲ." ಕೆಳಗಿಳಿದು ಬಂದು ಅಮ್ಮನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತರು. ಮೂರು ಹೆಣ್ಣು ತಪ್ಪಿದ ನನಗೆ ಬಾಗಿಲು ತೆರೆದ ಹಾಗಾಯಿತು.

ಆಗ ಅಜ್ಜಿ ಮೂಗೊರೆಸಿಕೊಂಡು ಹೇಳಿದರು: "ಎಂಥ ಸಂಬಂಧ ಕಳ್ಕೊಂಡ್ವಲ್ಲಮ್ಮ. ಹೋದ ಶುಕ್ರವಾರ ತಾನೇ ಹುಡುಗೀನ ಮಾಲೂರಿಗೆ ಕೊಟ್ಟು ಮದುವೆ ಮಾಡಿಬಿಟ್ವಿ."

ಅದನ್ನು ಕೇಳಿ ನನ್ನ ಬಾಯಿಂದ ಒಂದು ಶಬ್ದ ಬಂತು. ಹುಟ್ಟಿದಾಗಿನಿಂದ ನಾನಾಗಿ ಬೈದದ್ದು ಅದೊಂದೇ. ಪುರೋಹಿತರ ಒಂಬತ್ತರಲ್ಲಿ ಐದನೆಯದು. ಯಾರನ್ನು ಬೈದೆ ಅಂದರೆ ಯಾರನ್ನೂ ಅಲ್ಲ, ನನ್ನ ಹಣೆಬರಹವನ್ನು.

ಅಮಲ್ದಾರರು ಕನ್ನಡಕ ತೆಗೆದು ಕೆಳಗಿಟ್ಟರು. "ಬರ್ಕೊಂಡ್ಯೇನಯ್ಯಾ?"

"ಇಲ್ಲ ಸ್ವಾಮಿ."

"ಒಳ್ಳೇದಾಯ್ತು. ಬರೆದಿದ್ರೆ ಓದಿ ಹೇಳ್ಬೇಕಾಗ್ತಿತ್ತು. ನಿಮ್ಮ ತಾಯಿ ಇಲ್ಲೇ ಇದ್ದಾರೆ."

ತಾಯಿ ಇದ್ದಳು, ಕೇಳಿಸಿಕೊಂಡೂ ಇದ್ದಳು. ಮಾರನೇ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಏಳಿ, ಹೊತ್ತಾಯ್ತು" ಎಂದಳು. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಊಟಕ್ಕೆ "ಬನ್ನಿ" ಎಂದಳು. ಹೊರಡುವಾಗ "ಹೋಗಿಬನ್ನಿ" ಎಂದಳು. ಕಾಲು ಹಿಡಿದು ಬೇಡಿದೆ. "ಅಂಥ ದೊಡ್ಡ ಮಾತಾಡೋ ದೊಡ್ಡವರು, ನೀವು ನನ್ನ ಕಾಲು ಹಿಡೀಬಾರ್ದು" ಎಂದಳು. ಕಚೇರಿಯಲ್ಲಿ ಕೂತು ಊರಿನವರೆಲ್ಲರ ಬೈಗುಳ ಬರೆಯುತ್ತಿದ್ದೆ. ನನಗೆ ಬೇಕಾದ ಒಂದೇ ಒಂದು ಬೈಗುಳಕ್ಕೆ ಹೊಟ್ಟೆ ಹಸಿದವನ ಹಾಗೆ ಮನೆಗೆ ಬರುತ್ತಿದ್ದೆ, ಅದು ಸಿಗುತ್ತಿರಲಿಲ್ಲ.

ಎಂಟನೇ ದಿನ ಭಾನುವಾರ. ಕಲಾಯಿ ಸಾಬರು ನಮ್ಮ ಅಂಗಳದಲ್ಲಿ ಕೂತು ತಿದಿ ಒತ್ತುತ್ತಿದ್ದರು. ಅಮ್ಮ ಒಳಗಿನಿಂದ ನನಗೆ, "ಆ ದೊಡ್ಡ ಕೊಳದಪ್ಪಲೆ ಸ್ವಲ್ಪ ತಂದುಕೊಡ್ತೀರಾ?" ಎಂದಳು.

ಸಾಬರ ಕೈಯಲ್ಲಿ ತಿದಿ ನಿಂತುಹೋಯಿತು. ಒಳಗೆ ನೋಡಿದರು, ನನ್ನನ್ನು ನೋಡಿದರು. "ಎಷ್ಟು ದಿನದಿಂದ ಸ್ವಾಮಿ?" ಎಂದು ಮೆತ್ತಗೆ ಕೇಳಿದರು.

"ಎಂಟು."

ಅವರ ಕಣ್ಣು ಒದ್ದೆಯಾಯಿತು. "ಕೇಸು ಹಾಕಿ ಸ್ವಾಮಿ" ಎಂದರು. "ನಾನು ಸಾಕ್ಷಿ ಹೇಳ್ತೀನಿ."